ನಾಯಕತ್ವದ ತರಬೇತಿಗೆ ಹೋಗಲೋ ಬೇಡವೋ?

ಪ್ರಶ್ನೆ: ಅಕ್ಕಾರೇ, ನಾನು ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ಎಂಜಿನಿಯರ್. ವಯಸ್ಸು 38. ನಮ್ಮ ಭಾಗದ ಬೇರೆ ಬೇರೆ ವೃತ್ತಿಯವರನ್ನು ಸೇರಿಸಿ ನಡೆಸುವ ನಾಯಕತ್ವದ ತರಬೇತಿಗೆ ಕಂಪನಿಯವರು ನನ್ನ ಹೆಸರು ಕಳಿಸಿದ್ದಾರೆ. ತಿಂಗಳಿಗೊಮ್ಮೆ ಶನಿವಾರ, ಭಾನುವಾರ. ಒಂಬತ್ತು ತಿಂಗಳು. ಮೈಕ್ ಹಿಡಿದರೆ ನನ್ನ ಕೈ ನಡುಗುತ್ತದೆ. ಮನೆಯವಳು ‘ಇರೋ ರಜೆನೂ ಹೋಯ್ತು’ ಅಂತಾಳೆ. ಹೋಗಿ ಬಂದರೆ ಊರಿಗೆ ನನ್ನಿಂದ ಏನಾದರೂ ಆದೀತಾ?

ಉತ್ತರ: ಹೋಗಿ ಬಾರಪ್ಪ ತಮ್ಮ. ಮೈಕಿನ ಚಿಂತೆ ಬಿಡು. ಮಾತಾಡೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇಂಥ ತರಬೇತಿ ಹೊಸದೇನಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ 1969ರಿಂದ ನಡೆಯುತ್ತಿದೆ. ಬೇರೆ ಬೇರೆ ಕೆಲಸದವರನ್ನು ಒಂದೇ ಬ್ಯಾಚಿಗೆ ಹಾಕಿ, ಅವರದೇ ಊರನ್ನು ಅವರಿಗೆ ತೋರಿಸುವುದು ಅದರ ಕ್ರಮ. ನಮ್ಮ ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ನಿನ ‘ಲೀಡ್’ ಕಾಲೇಜು ಹುಡುಗರಿಗಾಗಿ ಇರುವಂಥದ್ದು. ನೌಕರಿ ಮಾಡೋರಿಗೆ ಇಂಥ ಅವಕಾಶ ಸಿಗೋದು ಕಡಿಮೆ.

ನಾನು ಗ್ರಾಮೀಣ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದಾಗ ಇಂಥದ್ದೊಂದಕ್ಕೆ ಹೋಗಿದ್ದೆ. ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ ಒಂದೂ ನೆನಪಿಲ್ಲ. ತುರಮುರಿ ನೆನಪಿದೆ. ಬೆಳಗಾವಿಯ ಕಸ ಅಲ್ಲಿಗೇ ಹೋಗೋದು, ಗೊತ್ತಲ್ವಾ? ನಮ್ಮನ್ನು ಬಸ್ಸಿನಲ್ಲಿ ಕರಕೊಂಡು ಹೋದರು. ಎಲ್ಲರೂ ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದೆವು. ಕಸ ಆರಿಸುತ್ತಿದ್ದ ಹೆಣ್ಣುಮಗಳೊಬ್ಬಳು ತರಕಾರಿ ಸಿಪ್ಪೆ ನಡುವಿನಿಂದ ಸೂಜಿ ಸಮೇತ ಒಂದು ಸಿರಿಂಜು ಎತ್ತಿ ಪಕ್ಕಕ್ಕಿಟ್ಟಳು. ಬರಿಗೈ. ನಮ್ಮ ಬ್ಯಾಚಿನಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದ ಡಾಕ್ಟರಮ್ಮ ಒಬ್ಬರಿದ್ದರು. ಅಷ್ಟೊತ್ತು ಜೋರಾಗಿ ಮಾತಾಡುತ್ತಿದ್ದವರು ಗಪ್ ಆದರು. ಸೂಜಿಯನ್ನು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು ಅಂತ 2016ರ ನಿಯಮವೇ ಇದೆ. ಅದು ಅವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಡಬ್ಬಿ ತಪ್ಪಿದರೆ ಯಾರ ಕೈಗೆ ಹೋಗುತ್ತದೆ ಅನ್ನೋದನ್ನು ನೋಡಿರಲಿಲ್ಲ. ಮುಂದಿನ ತಿಂಗಳು ಬರುವಷ್ಟರಲ್ಲಿ ತಮ್ಮ ಕ್ಲಿನಿಕ್ಕಿನ ಆಯಾಗೆ ಕೂರಿಸಿ ಹೇಳಿಕೊಟ್ಟಿದ್ದರು. ಆಮೇಲೆ ಅಕ್ಕಪಕ್ಕದ ಕ್ಲಿನಿಕ್ಕಿಗೂ ಹೋಗಿ ಬೆನ್ನು ಹತ್ತಿದರು.

ನನಗೆ ಸಿಕ್ಕಿದ್ದು ಬೇರೆ. ನನ್ನ ಬ್ರಾಂಚಿನ ಹೆಣ್ಣುಮಕ್ಕಳ ಸಂಘ ರೊಟ್ಟಿ ಮಶೀನಿಗೆ ಸಾಲ ತಗೊಂಡಿತ್ತು. ಮಶೀನು ಬಂತು, ತ್ರೀ ಫೇಸ್ ಕರೆಂಟು ಬರಲಿಲ್ಲ. ಸಂಘದವರು ಓಡಾಡಿ ಸಾಕಾಗಿದ್ದರು, ಕಂತು ಮಾತ್ರ ಶುರುವಾಗಿತ್ತು. ಬ್ಯಾಚಿನಲ್ಲಿದ್ದ ವಿದ್ಯುತ್ ಎಂಜಿನಿಯರಿಗೆ ಫೋನ್ ಮಾಡಿದೆ. ಶಿಫಾರಸಿಗಲ್ಲ, ಯಾವ ಕಾಗದ ಕಡಿಮೆ ಇದೆ ಅಂತ ಕೇಳೋಕೆ. ಜಾಗದ ಮಾಲೀಕರ ಒಪ್ಪಿಗೆ ಪತ್ರ ಇರಲಿಲ್ಲ. ಅಷ್ಟೇ. ಕೌಂಟರಿನಲ್ಲಿ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ.

1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಇದೇ ಬೆಳಗಾವಿಯಲ್ಲಿ ಕೆಎಲ್‌ಇ ಶಿಕ್ಷಣ ಸಂಸ್ಥೆ ಕಟ್ಟಿದರಲ್ಲ, ಅವರೇನು ತರಬೇತಿಗೆ ಹೋಗಿದ್ದರಾ ಅಂತ ಕೆಲವರು ಕೇಳ್ತಾರೆ. ಸರಿಯಾದ ಪ್ರಶ್ನೆಯೇ. ಆದರೆ ಏಳು ಜನ ಒಂದು ಕಡೆ ಕೂತಿದ್ದರು ನೋಡಿ. ಈಗ ಫೌಂಡ್ರಿಯವರು ಫೌಂಡ್ರಿಯವರ ಜೊತೆ ಚಹಾ ಕುಡೀತಾರೆ, ಡಾಕ್ಟರು ಡಾಕ್ಟರ ಜೊತೆ. ಬೇರೆಯವರು ಎಲ್ಲಿ ಸಿಗಬೇಕು? ಆ ಒಂಬತ್ತು ತಿಂಗಳು ಅದಕ್ಕೇ.

ಒಂದು ಮಾತು. ಕೊನೆಗೆ ಎಲ್ಲರನ್ನೂ ಸೇರಿಸಿ ಒಂದು ‘ಪ್ರಾಜೆಕ್ಟ್’ ಮಾಡಿಸುತ್ತಾರೆ. ಕೈಗೆ ಗ್ಲೌಸು, ಹಿಂದೆ ಫ್ಲೆಕ್ಸು, ಒಂದು ದಿನದ ಸ್ವಚ್ಛತೆ, ಫೋಟೊ. ಅದಕ್ಕೆ ಸಿಕ್ಕಿಹಾಕಿಕೊಳ್ಳಬೇಡ. ನಿನಗೆ ಎರಕದ ಕೆಲಸ ಗೊತ್ತು. ಎರಕದಲ್ಲಿ ಗಾಳಿತೂತು ಯಾಕೆ ಬೀಳುತ್ತದೆ, ಮರಳಲ್ಲಿ ತೇವ ಎಷ್ಟಿರಬೇಕು ಅಂತ ಐಟಿಐ ಹುಡುಗರಿಗೆ ಕೈಯಲ್ಲಿ ಮರಳು ಹಿಡಿಸಿ ತೋರಿಸು. ಅದಕ್ಕೆ ಮೈಕೂ ಬೇಡ.

ಮನೆಯವಳ ಮಾತಿನಲ್ಲಿ ನ್ಯಾಯ ಇದೆ. ಉಳಿದ ಭಾನುವಾರಗಳಲ್ಲಿ ಸಂತೆ, ಮಕ್ಕಳ ಹೋಂವರ್ಕು ಎರಡೂ ನಿನ್ನವು. ಸಮಾಜಸೇವೆ ಮನೆಯಿಂದಲೇ ಶುರುವಾಗಲಿ, ಏನಂತೀಯಾ?

ಪ್ರಶ್ನೆ: ತರಬೇತಿಯ ಸರ್ಟಿಫಿಕೇಟು ಪ್ರಮೋಷನ್ನಿಗೆ ಬರುತ್ತಾ? (ಬಾಗಲಕೋಟೆ ನವನಗರದ ಓದುಗರು)

ಉತ್ತರ: ಬರೋದು ಕಷ್ಟ. ಫ್ರೇಮಿನ ದುಡ್ಡು ಉಳಿಸಿ.

ಪ್ರಶ್ನೆ: ನಾನು ವಿಜಯಪುರದಲ್ಲಿ ಉಪನ್ಯಾಸಕಿ, 41 ವರ್ಷ. ನನಗೆ ಯಾರೂ ಫೀ ಕಟ್ಟಿ ಕಳಿಸುವವರಿಲ್ಲ. ಯುವಜನರ ಸಂಘಟನೆ ಜೇಸಿ ಸೇರೋಣ ಅಂದರೆ ವಯಸ್ಸು ಮೀರಿತು. ಬೇರೆ ದಾರಿ ಇದೆಯಾ?

ಉತ್ತರ: ಜೇಸಿಯಲ್ಲಿ 40ರ ಗಡಿ ಇದೆ, ನಿಜ. ರೋಟರಿಗೆ ಆ ಗಡಿ ಇಲ್ಲ, ಆದರೆ ವಂತಿಗೆ ವಿಚಾರಿಸಿಕೊಂಡು ಹೋಗಿ. ದುಡ್ಡಿಲ್ಲದ ದಾರಿ ವಾರ್ಡ್ ಸಮಿತಿ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದಲ್ಲೇ ಇದೆ. ವಿಜಯಪುರ 2011ರ ಜನಗಣತಿಯಲ್ಲೇ ಆ ಗಡಿ ದಾಟಿದೆ. ನಿಮ್ಮ ವಾರ್ಡಿನಲ್ಲಿ ಸಮಿತಿ ಆಗಿದೆಯಾ ಅಂತ ಪಾಲಿಕೆಯಲ್ಲಿ ಕೇಳಿ. ಆಗಿಲ್ಲ ಅಂದರೆ ಯಾವಾಗ ಮಾಡ್ತೀರಿ ಅಂತ ಬರೆದು ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಹೋಗುವ ಮೊದಲು ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಈಗಿನ ವಿಳಾಸದಲ್ಲೇ ಇದೆಯಾ ನೋಡಿಕೊಳ್ಳಿ. ಬಾಡಿಗೆ ಮನೆ ಬದಲಿಸಿದವರು ಎಡವೋದು ಅಲ್ಲೇ.