ಜರಡಿ ಮೊದಲೋ, ಗಾತ್ರ ಮೊದಲೋ?

ಪ್ರಶ್ನೆ: ಅಂಟಾರ್ಕ್ಟಿಕಾದಲ್ಲಿ ಕೋಟ್ಯಂತರ ವರ್ಷ ಹಳೆಯ ತಿಮಿಂಗಿಲದ ಮೂಳೆ ಸಿಕ್ಕಿದೆಯಂತೆ. ಹಾಗಾದರೆ ತಿಮಿಂಗಿಲ ಹುಟ್ಟಿದ್ದು ಅಲ್ಲೇನಾ? ಅಷ್ಟು ದೊಡ್ಡ ಮೈ ಬಂದದ್ದು ಚಳಿಗೋ, ಊಟಕ್ಕೋ? – ಓದುಗರೊಬ್ಬರು, ಮದ್ದೂರು

ಉತ್ತರ: ಅಲ್ಲಲ್ಲ ಸ್ವಾಮಿ, ತವರು ನಮ್ಮ ಕಡೆಯದೇ. ಸುಮಾರು 5 ಕೋಟಿ ವರ್ಷ ಹಿಂದಿನ ಪಾಕಿಸೆಟಸ್ ಎಂಬ ಆದಿ ತಿಮಿಂಗಿಲ ಸಿಕ್ಕಿದ್ದು ಪಾಕಿಸ್ತಾನದಲ್ಲಿ. ಅದಕ್ಕೆ ನಾಲ್ಕು ಕಾಲಿದ್ದವು. ಜಮ್ಮು-ಕಾಶ್ಮೀರದ ಕಾಲಾಕೋಟ್ ಬಳಿ ಭೂವಿಜ್ಞಾನಿ ಎ. ರಂಗರಾವ್ ಕೂಡಿಟ್ಟಿದ್ದ ಕಲ್ಲುಗಳೊಳಗೆ ಬೆಕ್ಕಿನ ಗಾತ್ರದ ಗೊರಸಿನ ಪ್ರಾಣಿಯೊಂದಿತ್ತು, ಇಂಡೋಹಯಸ್. ರಾಯರು ತೀರಿಕೊಂಡ ಮೇಲೆ ಆ ಕಲ್ಲುಗಳು ಪಳೆಯುಳಿಕೆ ತಜ್ಞ ಥೆವಿಸ್ಸನ್ ಅವರ ಕೈಸೇರಿದವು. ಕೆಲಸ ಮಾಡುವಾಗ ಒಂದು ಬುರುಡೆ ಆಕಸ್ಮಿಕವಾಗಿ ಮುರಿಯಿತು. ನೋಡಿದರೆ ಒಳಗಿನ ಕಿವಿಮೂಳೆ ಥೇಟ್ ತಿಮಿಂಗಿಲದ್ದು! 2007ರಲ್ಲಿ ಸುದ್ದಿ ಹೊರಬಂತು. ಮೈಸೂರಿನ ಮೃಗಾಲಯಕ್ಕೆ ಬಂದರೆ ನೀರಾನೆಯ ಮುಂದೆ ಹತ್ತು ನಿಮಿಷ ನಿಲ್ಲಿ. ಇವತ್ತು ಬದುಕಿರುವವರಲ್ಲಿ ತಿಮಿಂಗಿಲಕ್ಕೆ ಅದಕ್ಕಿಂತ ಹತ್ತಿರದ ನೆಂಟರಿಲ್ಲ.

ಈಗ ದಕ್ಷಿಣ ಧ್ರುವದ ಕಡೆ ಹೋಗೋಣ. ಅಂಟಾರ್ಕ್ಟಿಕ ಪರ್ಯಾಯದ್ವೀಪದ ತುದಿಯಲ್ಲಿ ಸೇಮೂರ್ ಎಂಬ ನಡುಗಡ್ಡೆಯಿದೆ. ಬಹುಪಾಲು ಹಿಮವಿಲ್ಲದ ಬೋಳು ನೆಲ, ಹಾಗಾಗಿ ಮೂಳೆಗಳು ಕಣ್ಣಿಗೆ ಬೀಳುತ್ತವೆ. ಅಲ್ಲಿ ಮೊದಲು ಪಳೆಯುಳಿಕೆ ಆಯ್ದವನು ಕಾರ್ಲ್ ಲಾರ್ಸನ್ ಎಂಬ ನಾರ್ವೆಯ ನಾವಿಕ, 1892ರಲ್ಲಿ. ನಮ್ಮ ಮೃಗಾಲಯ ಶುರುವಾದದ್ದೂ ಅದೇ ವರ್ಷ. ಆತನ ಕಸುಬು ಮಾತ್ರ ತಿಮಿಂಗಿಲ ಬೇಟೆ! 1904ರಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ದೊಡ್ಡ ಬೇಟೆಕೇಂದ್ರವನ್ನೇ ಕಟ್ಟಿದ.

ಆ ನಡುಗಡ್ಡೆಯಲ್ಲಿ ಸಿಕ್ಕ ಹಲ್ಲುಳ್ಳ ದವಡೆಯ ತುಂಡೊಂದಕ್ಕೆ 1989ರಲ್ಲಿ ಲಾನೋಸೀಟಸ್ ಎಂದು ಹೆಸರಿಟ್ಟರು. ವಯಸ್ಸು ಸುಮಾರು 3.4 ಕೋಟಿ ವರ್ಷ. ಅದೇ ಪ್ರಾಣಿಯ ಬುರುಡೆಯ ವಿವರವನ್ನು ಫೋರ್ಡೈಸ್ ಮತ್ತು ಮಾರ್ಕ್ಸ್ ಎಂಬ ಪಳೆಯುಳಿಕೆ ತಜ್ಞರು ಪ್ರಕಟಿಸಿದ್ದು 2018ರಲ್ಲಿ. ನಾನು ಸಿಕ್ಕಿಬಿದ್ದದ್ದು ಅಲ್ಲೇ.

ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿದವನು ನಾನು. ಹಲಗೆಯ ಮೇಲೆ ನೀಲಿ ತಿಮಿಂಗಿಲದಂಥವುಗಳ ಬಾಯಿ ಬರೆದು, ಅದರೊಳಗೆ ಹಲ್ಲಿನ ಬದಲು ಇರುವ ಬಲೀನ್ ಎಂಬ ಎಳೆಗಳನ್ನು ಬರೆದು, "ರಾಗಿಹಿಟ್ಟಿನ ಜರಡಿ ಇದ್ದಂಗೆ ಕಣ್ರೋ. ನೀರು ಆಚೆ ಹೋಗುತ್ತೆ, ಸಿಗಡಿಯಂಥ ಕ್ರಿಲ್ ಒಳಗೆ ಉಳಿಯುತ್ತೆ. ಈ ಜರಡಿ ಬಂತು, ಅದಕ್ಕೇ ಮೈ ಬೆಳೀತು" ಅನ್ನುತ್ತಿದ್ದೆ. ಲಾನೋಸೀಟಸ್ ಈ ಜರಡಿಯವರ ವಂಶದ ಬಹು ಹಳೆಯ ಸದಸ್ಯ. ಉದ್ದ ಸುಮಾರು 8 ಮೀಟರ್, ಅಂದರೆ ನಮ್ಮ ಸಿಟಿ ಬಸ್ಸಿಗಿಂತ ಕಡಿಮೆ. ಆದರೆ ಬಾಯಲ್ಲಿ ಜರಡಿಯ ಸುಳಿವಿಲ್ಲ. ಅಂಚು ಕಚ್ಚುಕಚ್ಚಾದ ಹಲ್ಲುಗಳು, ಅವುಗಳ ನಡುವೆ ಧಾರಾಳ ಸಂದು. ಆ ಸಂದಿನಲ್ಲಿ ಕ್ರಿಲ್ ನಿಲ್ಲುವುದುಂಟೇ? ಹಲ್ಲಿನ ಸವೆತ ನೋಡಿದರೆ ಕಚ್ಚಿ ತಿನ್ನುತ್ತಿದ್ದ ಪ್ರಾಣಿ. ಗಾತ್ರ ಮೊದಲು ಬಂದಿದೆ, ಜರಡಿ ಆಮೇಲೆ. ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ನೋಟ್ಸ್ ತಿದ್ದಿಕೊಳ್ಳಿ.

ಚಳಿಯ ವಿಚಾರ. ಲಾನೋಸೀಟಸ್ ಕಾಲಕ್ಕೂ ಮುಂಚೆ ಅಂಟಾರ್ಕ್ಟಿಕಾದಲ್ಲಿ ಕಾಡಿತ್ತು. ಲಾನೋಸೀಟಸ್ ಈಜಿದ್ದು ಹಿಮ ಕಟ್ಟಲು ಶುರುವಾದ ಹೊತ್ತಿನಲ್ಲಿ. ಖಂಡದ ಸುತ್ತ ತಣ್ಣನೆಯ ಪ್ರವಾಹ ತಿರುಗತೊಡಗಿ, ಆಳದ ಪೋಷಕಾಂಶ ಮೇಲೆದ್ದು ಕ್ರಿಲ್‌ಗೆ ಸುಗ್ಗಿಯಾದದ್ದು ಮೆಲ್ಲಮೆಲ್ಲಗೆ. ಹಾಗಂತ ಮೈ ಒಂದೇ ಸಮನೆ ಬೆಳೆಯುತ್ತ ಹೋಯಿತು ಅನ್ನಬೇಡಿ. ಲಾನೋಸೀಟಸ್ ಆದಮೇಲೆ ಬಂದ ಅದರ ಬಂಧುಗಳಲ್ಲಿ ಮೂರು ನಾಲ್ಕು ಮೀಟರಿನ ಕುಳ್ಳರೂ ಇದ್ದರು. ಮೂವತ್ತು ಮೀಟರ್ ಮುಟ್ಟುವ ನೀಲಿ ತಿಮಿಂಗಿಲದಂಥ ದೈತ್ಯರು ಬಂದದ್ದು ಕಳೆದ ಕೆಲವೇ ದಶಲಕ್ಷ ವರ್ಷಗಳಲ್ಲಿ.