ಎಂಟು ವರ್ಷದ ವಕೀಲಿಕೆ, ನೋಟರಿ ಅರ್ಜಿ

ನಮಸ್ಕಾರ. ಎಂಟು ವರ್ಷ ವಕೀಲಿಕೆ ಆಗಿದೆ, ನೋಟರಿಗೆ ಅರ್ಜಿ ಹಾಕಬಹುದೇ ಎಂದು ಕೇಳಿದ್ದೀರಿ. 1956ರ ನೋಟರಿ ನಿಯಮಗಳಂತೆ ಸಾಮಾನ್ಯ ವರ್ಗದ ಪುರುಷರಿಗೆ 10 ವರ್ಷ ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಮತ್ತು ಎಲ್ಲ ಮಹಿಳೆಯರಿಗೆ 7 ಸಾಕು. ಇವರ ಪೈಕಿಯಾದರೆ ಈಗಲೇ ಹಾಕಿ.

ಅರ್ಜಿ ಫಾರಂ 1ರಲ್ಲಿ. ತೊಡಕು ಬರುವುದು ಮೇಲುಸಹಿಗಳಲ್ಲೇ, ಅಂದರೆ ನಿಮ್ಮ ಅರ್ಜಿಯ ಮೇಲೆ ಬೇರೆಯವರು ಹಾಕಬೇಕಾದ ಸಹಿಗಳಲ್ಲಿ: ಒಬ್ಬ ಮ್ಯಾಜಿಸ್ಟ್ರೇಟ್, ರಾಷ್ಟ್ರೀಕೃತ ಬ್ಯಾಂಕಿನ ಮ್ಯಾನೇಜರ್, ಒಬ್ಬ ವ್ಯಾಪಾರಿ, ಇಬ್ಬರು ಗಣ್ಯ ನಿವಾಸಿಗಳು, ಒಟ್ಟು ಐದು. ಆ ಇಬ್ಬರು ನೀವು ನೋಟರಿಯಾಗಿ ಕೂರಬೇಕೆಂದಿರುವ ಪ್ರದೇಶದವರೇ ಆಗಿರಬೇಕು. ಹುಟ್ಟೂರಿನ ಹಿರಿಯರ ಸಹಿ ನಡೆಯದು. ಮೊದಲು ಈ ಹಾಳೆ ತುಂಬಿಸಿಕೊಳ್ಳಿ, ಉಳಿದದ್ದು ಸುಲಭ.

ನೇಮಕವಾದ ಮೇಲೆ ಪ್ರಮಾಣಪತ್ರಕ್ಕೆ 5 ವರ್ಷ ಅವಧಿ. ನವೀಕರಣದ ಅರ್ಜಿ ಅದು ಮುಗಿಯುವ 6 ತಿಂಗಳು ಮೊದಲೇ ಹೋಗಿರಬೇಕು, ದಯವಿಟ್ಟು ಮರೆಯಬೇಡಿ.