ಇತಿಹಾಸಕಾರ ಎರಿಕ್ ಹಾಬ್ಸ್‌ಬಾಮ್ ಎಡಪಂಥೀಯರು ಅಂತಾರೆ, 20ನೇ ಶತಮಾನದ ಇತಿಹಾಸಕ್ಕೆ ಅವರ ಪುಸ್ತಕ ಬಿಟ್ಟು ನಿಷ್ಪಕ್ಷಪಾತವಾಗಿರೋದು ಯಾವ್ದು ಓದ್ಲಿ?

ಬಿಡ್ಬೇಡಿ, ಓದಿ. ನಾನೂ ಎಂಎ ಮಾಡುವಾಗ ಇದೇ 'ಏಜ್ ಆಫ್ ಎಕ್ಸ್‌ಟ್ರೀಮ್ಸ್' ಹಿಡ್ಕೊಂಡು ಕೂತಿದ್ದೆ, ಬರೆದವರು ಎಡವೋ ಬಲವೋ ನಂಗೆ ಬೇಕಾಗಿರ್ಲಿಲ್ಲ, ನೋಟ್ಸ್ ಆಗ್ಬೇಕಿತ್ತು ಅಷ್ಟೆ.

ನಾನು ಮಾಡಿದ ತಪ್ಪು ಮುನ್ನುಡಿ ಹಾರಿಸಿದ್ದು. ಅದ್ರಿಂದ ಪ್ರಶ್ನೆ ಬರಲ್ಲ ಅಂತ ನೇರ ಮೊದಲ ಅಧ್ಯಾಯಕ್ಕೆ ಹೋದೆ. ಆದ್ರೆ 'ಇದು ನಾನು ಬದುಕಿದ ಕಾಲ, ವೃತ್ತಿಯಲ್ಲಿ ಇಷ್ಟು ವರ್ಷ 1914ರ ಈಚಿನದನ್ನ ಮುಟ್ಟದೆ ದೂರ ಇಟ್ಟಿದ್ದೆ' ಅಂತ ಹಾಬ್ಸ್‌ಬಾಮ್ ಹೇಳ್ಕೊಂಡಿರೋದು ಅಲ್ಲೇ. 1917ರಲ್ಲಿ ಹುಟ್ಟಿ, ಹಿಟ್ಲರ್ ಅಧಿಕಾರಕ್ಕೆ ಬಂದಾಗ ಬರ್ಲಿನ್ನಲ್ಲೇ ಶಾಲೆಗೆ ಹೋಗ್ತಿದ್ದ ಹುಡುಗ, 1956ರಲ್ಲಿ ಸೋವಿಯತ್ ಟ್ಯಾಂಕ್‌ಗಳು ಹಂಗೆರಿಗೆ ನುಗ್ಗಿ ಎಷ್ಟೋ ಜನ ಕಮ್ಯುನಿಸ್ಟ್ ಪಕ್ಷ ಬಿಟ್ಟಾಗ್ಲೂ ಬಿಡದೆ ಉಳಿದವರು. ಇದ್ಯಾವ್ದೂ ಗೊತ್ತಿಲ್ದೆ ಅವರ ತೀರ್ಮಾನಗಳನ್ನೆಲ್ಲ ನನ್ನ ಮಾತಲ್ಲಿ ಬರ್ಕೊಂಡೆ, 'ಹಾಬ್ಸ್‌ಬಾಮ್ ಪ್ರಕಾರ' ಅಂತ ಒಂದು ಕಡೆನೂ ಹಾಕ್ಲಿಲ್ಲ, ಆರು ತಿಂಗಳಾದ್ಮೇಲೆ ಆ ನೋಟ್ಸಲ್ಲಿ ಯಾವ್ದು ನಡೆದಿದ್ದು ಯಾವ್ದು ಅವರ ಅಭಿಪ್ರಾಯ ಅಂತ ನಂಗೇ ಬಿಡಿಸಕ್ಕೆ ಆಗ್ತಿರ್ಲಿಲ್ಲ.

ಆಮೇಲೆ ಒಂದು ಕಾಲೇಜಲ್ಲಿ ಲೆಕ್ಚರರ್ ಕೆಲ್ಸಕ್ಕೆ ಇಂಟರ್‌ವ್ಯೂ. 20ನೇ ಶತಮಾನ ಎಲ್ಲಿಂದ ಎಲ್ಲಿವರೆಗೆ ಪಾಠ ಮಾಡ್ತೀರಿ ಅಂದ್ರು ಒಬ್ರು ಹಿರಿಯ ಮೇಡಂ. 1914ರಿಂದ 1991 ಅಂದೆ. ಹಾಗಂತ ಯಾರು ಹೇಳಿದ್ದು ಅಂದ್ರು. ಯಾರೂ ಹೇಳೋದೇನಿದೆ ಮೇಡಂ, ಅದು ಇರೋದೇ ಹಾಗೆ ಅಂದ್ಬಿಟ್ಟೆ. ಹಂಗಾದ್ರೆ 1991ರಲ್ಲಿ ಚೀನಾದಲ್ಲಿ ಏನು ಮುಗೀತು ಹೇಳಿ ಅಂದ್ರು. ಅಲ್ಲಿ ಕಮ್ಯುನಿಸ್ಟ್ ಪಕ್ಷ ಇವತ್ತಿಗೂ ಆಳ್ತಿದೆ, ಕೊರಿಯಾದಲ್ಲಿ 1953ರಲ್ಲಿ ಕದನವಿರಾಮ ಆಗಿದ್ದು ಬಿಟ್ರೆ ಶಾಂತಿ ಒಪ್ಪಂದ ಇನ್ನೂ ಆಗಿಲ್ಲ, ನಮ್ಮ ಲೆಕ್ಕದಲ್ಲಿ 1947 ದೊಡ್ಡದು. ಮೊದಲ ಮಹಾಯುದ್ಧಕ್ಕೆ ಕಿಡಿ ಹಚ್ಚಿದ 1914ರ ಸರಾಯೆವೊ ಗುಂಡಿನಿಂದ ಶುರುವಾಗಿ ಸೋವಿಯತ್ ಒಕ್ಕೂಟ ಒಡೆಯೋದಕ್ಕೆ ಮುಗಿಯೋ ಶತಮಾನ, ರಷ್ಯಾದ ಕ್ರಾಂತಿ ಮೇಲೆ ನಂಬಿಕೆ ಇಟ್ಟು ಬೆಳೆದ ಯುರೋಪಿನ ಒಬ್ಬ ಮನುಷ್ಯನ, ಅಂದ್ರೆ ಹಾಬ್ಸ್‌ಬಾಮ್ ಅವರ ಶತಮಾನ. ಅಲ್ಲಿ ಬಾಯಿ ಬರ್ಲಿಲ್ಲ, ಕೆಲ್ಸನೂ ಸಿಗ್ಲಿಲ್ಲ.

ನಿಷ್ಪಕ್ಷಪಾತವಾಗಿರೋದು ಹುಡುಕ್ತಾ ಕೂತ್ರೆ ಬರೀ ಇಸವಿಗಳ ಪಟ್ಟಿ ಸಿಗುತ್ತೆ, ಅದ್ರಲ್ಲೂ ಯಾವ ಇಸವಿ ಬಿಡ್ಬೇಕು ಅಂತ ಯಾರೋ ತೀರ್ಮಾನ ಮಾಡಿರ್ತಾರೆ. ಅದ್ರ ಬದ್ಲು ಹಾಬ್ಸ್‌ಬಾಮ್ ಜೊತೆಗೆ ಪಾಲ್ ಜಾನ್ಸನ್ ಅವರ 'ಮಾಡರ್ನ್ ಟೈಮ್ಸ್' ತಗೊಳ್ಳಿ, 1983ರದ್ದು, ಪಕ್ಕಾ ಬಲಪಂಥೀಯ. ಅವರ ಆಧುನಿಕ ಜಗತ್ತು ಶುರುವಾಗೋದು ಯುದ್ಧದಿಂದ ಅಲ್ಲ, 29 ಮೇ 1919ರ ಸೂರ್ಯಗ್ರಹಣದಿಂದ, ಐನ್‌ಸ್ಟೈನ್ ಸಾಪೇಕ್ಷತಾ ಸಿದ್ಧಾಂತ ಸರಿ ಅಂತ ತೋರಿಸಿದ ಫೋಟೋಗಳನ್ನ ತೆಗೆದ ದಿನ. ಜನ ಸಾಪೇಕ್ಷತೆನ ತಪ್ಪಾಗಿ ತಿಳ್ಕೊಂಡು ಒಳ್ಳೇದು ಕೆಟ್ಟದ್ದಕ್ಕೂ ಗಟ್ಟಿ ಅಳತೆ ಇಲ್ಲ ಅಂದ್ಕೊಂಡ್ರು ಅನ್ನೋದು ಅವರ ವಾದ. ಒಪ್ಪೋದು ಬಿಡೋದು ಆಮೇಲೆ, ಮೊದ್ಲು ಇಬ್ರೂ ಯಾಕೆ ಬೇರೆ ಬೇರೆ ಬಾಗಿಲಿಂದ ಒಳಗೆ ಬರ್ತಾರೆ ನೋಡಿ. ರಷ್ಯಾದ ಅಕ್ಟೋಬರ್ 1917 ಹಾಬ್ಸ್‌ಬಾಮ್‌ಗೆ ಕ್ರಾಂತಿ, ಜಾನ್ಸನ್‌ಗೆ ಕ್ಷಿಪ್ರಕ್ರಾಂತಿ ಅಂದ್ರೆ ಬಲದಿಂದ ಅಧಿಕಾರ ಕಿತ್ಕೊಂಡಿದ್ದು, ಒಂದು ಪದದಲ್ಲೇ ಇಡೀ ಜಗಳ ಇದೆ.

ನೋಟ್ಸ್ ಮಾಡುವಾಗ ಹಾಳೆ ಮಧ್ಯ ಒಂದು ಗೆರೆ ಎಳೀರಿ, ಒಂದು ಕಡೆ ಘಟನೆ, ಇನ್ನೊಂದು ಕಡೆ 'ಇವರು ಹೀಗಂತಾರೆ'. ನನ್ನ ಹಳೇ ನೋಟ್ಸ್ ಇನ್ನೂ ಇಟ್ಕೊಂಡಿದೀನಿ, ಪುಸ್ತಕ ಪಕ್ಕದಲ್ಲಿಟ್ಟು ಕೆಂಪು ಪೆನ್ನಲ್ಲಿ 'ಹಾಬ್ಸ್‌ಬಾಮ್ ಪ್ರಕಾರ' ಅಂತ ಸೇರಿಸ್ತಾ ಬರ್ತಿದೀನಿ, ಈಗ 1929ರ ಆರ್ಥಿಕ ಕುಸಿತದ ತನಕ ಬಂದಿದೆ.